ಕಾರ್ಡ್ ಸೊನ್ನೆ

ಕೆಮಿ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ರಾತ್ರಿ ಹತ್ತರಿಂದ ಎರಡರವರೆಗೆ ನನ್ನ ಪಾಳಿ.
ಹೊರಗೆ ಕೊಲ್ಲಿ ಕಲ್ಲಾಗಿದೆ;
ಮಂಜುಗಡ್ಡೆ ಒಡೆಯುವ ಹಡಗಿನ ಗುಡುಗು
ಆಗೀಗ ಬೂಟಿನ ಅಟ್ಟೆಯಿಂದ ಮೇಲೇರುತ್ತದೆ.

ನಿದ್ದೆ ಬಾರದವರು ಫೋನು ಮಾಡುತ್ತಾರೆ.
ಕೇಳುವುದಷ್ಟೇ ನನ್ನ ಕೆಲಸ.
ಇಪ್ಪತ್ತೆಂಟು ವರ್ಷ ಕಾಗದದ ಕಾರ್ಖಾನೆಯ ರೋಲರುಗಳು
ಎಡಗಿವಿಯನ್ನು ತಿಂದು ಮುಗಿಸಿದ ಮೇಲೆ
ಉಳಿದ ಬಲಗಿವಿಯೊಂದೇ ನನ್ನ ಬಂಡವಾಳ.

ಹಳೆಯ ಕಂಪ್ಯೂಟರು, ಯಾವುದೋ ಶಾಲೆಯವರು ಬಿಸಾಡಿದ್ದು;
ಒಳಗೆ ಲಿನಕ್ಸ್. ಸಂಘದವರು ಹೊಸ ಹೆಡ್‌ಸೆಟ್ ಕೊಟ್ಟರು.
ಯುಎಸ್‌ಬಿ ತೂತಿಗೆ ಚುಚ್ಚಿದೆ, ಪುಟ್ಟ ನೀಲಿ ದೀಪ ಕಣ್ಣು ಬಿಟ್ಟಿತು.
ಆಯಿತಲ್ಲ, ಅಂದುಕೊಂಡೆ.

ಮೊದಲ ಕರೆ.
ಕಿವಿಯಲ್ಲಿ ಏನೂ ಇಲ್ಲ. ದನಿ ಎದ್ದದ್ದು
ಗೋಡೆಯ ದೊಡ್ಡ ಪರದೆಯ ಹೊಟ್ಟೆಯಿಂದ:
"ಇವತ್ತೂ ನಾಯಿಯ ಬೋಗುಣಿಗೆ ನೀರು ಹಾಕಿದೆ.
ಅಕ್ಟೋಬರಿನಿಂದ ನಾಯಿಯೇ ಇಲ್ಲ."
ಕೋಣೆ ತುಂಬ ಅವನು. ಮೆಟ್ಟಿಲ ಬಳಿ
ನೆಲ ಒರೆಸುತ್ತಿದ್ದ ಹಿಲ್ಕಾಳ ಕೋಲು ನಿಂತಿತು.
ನಾನು ಪರದೆಯ ಗುಂಡಿಗೆ ತಡಕಾಡಿದೆ,
ಬೆತ್ತಲೆ ನಿಂತವನಿಗೆ ಟವೆಲು ಹುಡುಕುವವಳ ಹಾಗೆ.

ಗೋಡೆಗೂ ಕಿವಿಯುಂಟು ಅನ್ನುತ್ತಾರೆ.
ನಮ್ಮ ಗೋಡೆಗೆ ಬಾಯಿಯೇ ಇತ್ತು.

ಮರುದಿನ ಕಪ್ಪು ಕಿಟಕಿ ತೆರೆದು ಕೇಳಿದೆ: ಯಾರ್ಯಾರಿದ್ದೀರಿ?
ಕಾರ್ಡ್ ಸೊನ್ನೆ, ಪರದೆ.
ಕಾರ್ಡ್ ಒಂದು, ಒಳಗಿನ ಹಲಗೆ; ಅದಕ್ಕೇನೂ ಸಿಕ್ಕಿಸಿಲ್ಲ.
ಕಾರ್ಡ್ ಎರಡು, ಹೆಡ್‌ಸೆಟ್, ಸಾಲಿನ ಬಾಲದಲ್ಲಿ.
ಬಾಯಿಬಿಟ್ಟು ಹೇಳದಿದ್ದರೆ ಎಲ್ಲ ಸದ್ದೂ ಸೊನ್ನೆಯ ಪಾಲು.
ಎರಡು ಎಂದು ಬರೆದೆ. ಆ ರಾತ್ರಿ ನೆಟ್ಟಗಿತ್ತು.
ಮಂಗಳವಾರ ಯಂತ್ರ ಹಚ್ಚಿದರೆ ಹೆಡ್‌ಸೆಟ್ಟೇ ಒಂದು,
ಎರಡು ಆ ಖಾಲಿ ಹಲಗೆ.
ಯಾರೋ ಮಾತಾಡಿದರೋ ಅತ್ತರೋ
ಯಾವ ಕಿವಿಗೂ ಬೀಳದೆ ಹೋಯಿತು;
ನಾಲ್ಕು ನಿಮಿಷ ಎಂದಷ್ಟೇ ದಾಖಲೆಯಲ್ಲಿದೆ.

ಬಂದರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಆರ್ಮಾಸ್
ಕಾಫಿ ಊದುತ್ತ ಅಂದ:
"ಬಾಗಿಲಲ್ಲಿ ಯಾರು ಮೊದಲು ನುಗ್ಗಿದರೋ ಅವರಿಗೆ ಮೊದಲ ಅಂಕಿ.
ದಿನಕ್ಕೊಂದು ಥರ. ನೀನು ಹೆಸರು ಹಿಡಿದು ಕರೆ."
ಹೆಸರೋ, ಸರಕಿನ ರೈಲಿನಷ್ಟು ಉದ್ದ: ಚುಕ್ಕಿ, ಅಡ್ಡಗೆರೆ,
ತಯಾರಿಸಿದವರ ಮನೆತನ, ಕೊನೆಗೆ ಹನ್ನೆರಡು ಅಂಕಿ.
ಕೈಗವಸು ತೆಗೆದು ಒಂದೊಂದೇ ಅಕ್ಷರ ಒತ್ತಿದೆ.
ಎರಡು ಸಲ ತಪ್ಪಿತು. ಮೂರನೆಯ ಸಲ
ಬಲಗಿವಿಯೊಳಗೆ ಒಂದು ಟಿಕ್,
ಬೆಂಕಿಕಡ್ಡಿ ಗೀರಿದಷ್ಟೇ.

ಆಮೇಲಿಂದ ಕೋಣೆ ನಿಶ್ಶಬ್ದ.
ಕರೆಯುವವರಿಗೆ ಇಲ್ಲಿ ಹೆಸರಿಲ್ಲ, ನಿಯಮ ಹಾಗೆ;
ಹೆಸರು ಹಿಡಿದು ಕರೆಯುವುದು ಹೆಡ್‌ಸೆಟ್ಟನ್ನು ಮಾತ್ರ.

ಫೆಬ್ರವರಿ ಕೊನೆಯಲ್ಲಿ ಹಿಲ್ಕಾ ಬಕೆಟ್ಟು ಇಳಿಸಿ ಕೇಳಿದಳು:
"ಆ ಮನುಷ್ಯನ ನಾಯಿ ಬಂತಾ?"
ಯಾವ ಮನುಷ್ಯ, ಅಂದೆ. ಹೇಳಬೇಕಾದ್ದು ಹಾಗೇ.
ಅವಳು ತಲೆಯಾಡಿಸಿ
ಒರೆಸಿದ ನೆಲವನ್ನೇ ಮತ್ತೆ ಒರೆಸಿದಳು.