ದೀಪದ ಕೋಣೆಯವಳು ಸಿನಿಮಾ ನೋಡಿದ್ದು

ಮೊದಲು ಬೈಗುಳ ಮುಗಿಸಿಬಿಡುತ್ತೇನೆ.

ಪುಸ್ತಕದಲ್ಲಿ ಹೆಗ್ಗಣಕ್ಕೆ ಒಂದೇ ಕಣ್ಣು,
ಮೈಯೆಲ್ಲ ಹುರುಕು, ಬಾಯಿಗೆ ಬೀಗವಿಲ್ಲ.
ಹೆಜ್ಜೆಗೊಮ್ಮೆ ಗೊಣಗುತ್ತದೆ:
"ಯವ್ವಾ, ಇನ್ನಾ ಎಷ್ಟ್ ದೂರ ಅದ ಈ ಪಾತಾಳ?"
ನಾನು ಓದಿದಾಗಲೆಲ್ಲ ಅದು ನಮ್ಮ ಹಟ್ಟಿಯ ಮಾತನ್ನೇ ಆಡಿದ್ದು.
ತೆರೆಯ ಮೇಲೆ ಅದಕ್ಕೆ ಎರಡು ಕಣ್ಣು, ಬಟ್ಟಲಿನಷ್ಟು ದೊಡ್ಡವು,
ಟೀವಿಯಲ್ಲಿ ವಾರ್ತೆ ಓದುವವರ ಕನ್ನಡ,
ಮೇಲೊಂದು ಕುಣಿತ.
ಹೆಗ್ಗಣ ಯಾಕೆ ಕುಣಿಯಬೇಕು, ಹೇಳಿ.

ಗವಿಯಲ್ಲಿ ಹುಟ್ಟಿ ಗವಿಯಲ್ಲಿ ಬೆಳೆದ ಬೆಳವಿಗೆ
ತುಟಿಗೆ ಬಣ್ಣ ಹಚ್ಚಿದವರು ಯಾರು?

ಹದಿನೇಳನೆಯ ಅಧ್ಯಾಯ ಇಲ್ಲವೇ ಇಲ್ಲ.
ಅದರಲ್ಲಿ ಏನೂ ನಡೆಯುವುದಿಲ್ಲ, ನಿಜ.
ಅವಳೂ ಹೆಗ್ಗಣವೂ ಕಲ್ಲಿಗೆ ಬೆನ್ನು ಕೊಟ್ಟು ಕೂತು
ಒಂದು ಕಟಕ ರೊಟ್ಟಿ ಹಂಚಿ ತಿನ್ನುತ್ತಾರೆ,
ಸದ್ದಾದರೆ ಯಾರಾದರೂ ಬಂದಾರು ಅಂತ
ಬಾಯಲ್ಲಿ ನೆನೆಸಿ, ನೆನೆಸಿ.
ಏಳು ಪುಟ.
ಅಪ್ಪ ತೀರಿಕೊಂಡ ವರ್ಷ ನಾನು ಓದಲಾದದ್ದು ಅದಷ್ಟೇ.
ಅದರ ಜಾಗದಲ್ಲಿ ಈಗ ಸೇತುವೆ ಕುಸಿಯುತ್ತದೆ.
ಸೇತುವೆ ಚೆನ್ನಾಗಿಯೇ ಕುಸಿಯಿತು. ಹುಡುಗರು ಸಿಳ್ಳೆ ಹೊಡೆದರು.

ನೀರು ತೊಟ್ಟಿಕ್ಕುವ ಸದ್ದು ಸರಿಯಾಗಿತ್ತು,
ಬೈಗುಳದ ನಡುವೆಯೇ ಒಪ್ಪಿಕೊಳ್ಳುತ್ತೇನೆ.
ಆದರೆ ಕತ್ತಲೆ!
ಕತ್ತಲೆಗೆ ನೀಲಿ ಬಳಿದಿದ್ದಾರೆ,
ಕಲ್ಲುಕಲ್ಲಿಗೂ ಮದುವೆಮನೆಯ ಬಲ್ಬಿನ ಸರ.

ನಾನು ಗಣಿಗೆ ಇಳಿದವಳಲ್ಲ.
ದೀಪದ ಕೋಣೆಯ ಕಿಟಕಿಯಲ್ಲಿ ಕೂತು
ಬಿಲ್ಲೆ ಇಸಕೊಂಡು ಲ್ಯಾಂಪು ಕೊಡುವವಳು,
ಅಪ್ಪನ ಹೆಸರಿನ ಮೇಲೆ ಬಂದ ನೌಕರಿ.
ಹನ್ನೊಂದು ವರ್ಷ ಬೇರೆಯವರ ಕೈಗೆ ಬೆಳಕು ಕೊಟ್ಟಿದ್ದೇನೆ;
ನನಗೆ ಗೊತ್ತಿರುವ ಕತ್ತಲೆಯೆಲ್ಲ ಆ ಪುಸ್ತಕದ್ದು.
ನಲವತ್ತನೆಯ ಪುಟದಲ್ಲಿ
ಬೆಳವಿಗೆ ಕತ್ತಲಲ್ಲಿ ತನ್ನ ಕೈ ಕಾಣುತ್ತದೆ,
ಕಣ್ಣು ಕಂಡದ್ದಲ್ಲ, ಕೈಯೇ ಹೇಳಿದ್ದು.
ಬರೆಯುವವರ ಚಂದದ ಸುಳ್ಳು ಅಂದುಕೊಂಡಿದ್ದೆ.
ಒಮ್ಮೆ ಹುಸೇನಪ್ಪ, ರಾತ್ರಿ ಪಾಳಿ ಮುಗಿಸಿ
ಲ್ಯಾಂಪು ತಿರುಗಿ ಕೊಡುತ್ತ ಹೇಳಿದ:
"ಖರೇನ ಅದ ಆದಮ್ಮಕ್ಕಾ. ದೀಪ ಆರಿಸಿ
ಮುಖದ ಮುಂದ ಕೈ ಆಡಿಸಿದ್ರ ಕಂಡಂಗ ಆಗ್ತದ."
ಆ ಕೈ ಸಿನಿಮಾದಲ್ಲಿಲ್ಲ.
ನೀಲಿ ಬೆಳಕಲ್ಲಿ ಎಲ್ಲರ ಕೈಯೂ ಕಾಣುತ್ತದೆ, ಏನು ದೊಡ್ಡದು.

ಲಿಂಗಸೂಗೂರಿನ ಟಾಕೀಸು, ಎರಡನೆಯ ಆಟ.
ಮಧ್ಯಂತರದ ಮಿರ್ಚಿಯ ಎಣ್ಣೆ ಇನ್ನೂ ಬೆರಳಲ್ಲಿತ್ತು,
ರಾಣಿ ಇನ್ನೇನು ಖಡ್ಗ ಎತ್ತಬೇಕು,
ಕರೆಂಟು ಹೋಯಿತು.
ಬಾಗಿಲ ಮೇಲಿನ ಕೆಂಪಕ್ಷರವೂ ಹೋಯಿತು.
ಕೇಕೆ, ಕೂಗು, ಯಾರದೋ ಕೂಸಿನ ಅಳು.
ಮೊಬೈಲುಗಳು ಹೊತ್ತಿಕೊಳ್ಳುವ ಮುಂಚೆ
ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತು.
ಕೈ ಎತ್ತಿದೆ.
ಕಂಡಿತೋ ಇಲ್ಲವೋ ಹೇಳಲಾರೆ.
ಮಿರ್ಚಿಯ ವಾಸನೆ ಮಾತ್ರ ಹತ್ತಿರ ಬಂತು.

ಇನ್ನು ಮೆಚ್ಚಿದ್ದು.
ನೆರಳು ತೂಗುವ ಮುದುಕಿ.
ಒಂದು ನಿಮಿಷದ ಪಾತ್ರ, ಪೋಸ್ಟರಿನಲ್ಲಿ ಹೆಸರೂ ಇಲ್ಲ.
ಬೆಳವಿಯ ನೆರಳನ್ನು ನೆಲದಿಂದ ಎತ್ತಿ
ಎಲೆ ಮಡಚುವಷ್ಟು ಸಲೀಸಾಗಿ ಮಡಚಿದಳು.
ತಕ್ಕಡಿಗೆ ಇಡುವ ಮುಂಚೆ
ಖಾಲಿ ತಟ್ಟೆಯ ಮೇಲೆ ಒಮ್ಮೆ ಉಫ್ ಅಂತ ಊದಿದಳು,
ಹಿಂದೆ ತೂಗಿಸಿಕೊಂಡವರದ್ದು
ಏನಾದರೂ ಅಂಟಿಕೊಂಡಿದ್ದೀತು ಅಂತ.

ಪುಸ್ತಕದಲ್ಲಿ ಇದಿಲ್ಲ.
ಬರೆದವರಿಗೂ ಹೊಳೆದಿಲ್ಲ, ನನಗೂ,
ಒಂಬತ್ತು ಸಲ ಓದಿಯೂ.

ಸೋಮವಾರ ಹುಸೇನಪ್ಪ ಕೇಳಿದ, "ಹೆಂಗಿತ್ತ್ರೀ ಸಿನಿಮಾ?"
"ದಂಡ," ಅಂದೆ. "ನೀನೂ ನೋಡಿ ಬಾ."
ಅವನ ಬಿಲ್ಲೆ ಮೊಳೆಗೆ ಹಾಕಿದೆ,
ಲ್ಯಾಂಪು ಒತ್ತಿ ನೋಡಿ ಕೊಟ್ಟೆ.
ಸೈರನ್ ಕೂಗಿ, ಪಂಜರ ಇಳಿದು, ಕಿಟಕಿ ಖಾಲಿಯಾದ ಮೇಲೆ
ಡ್ರಾಯರಿನಿಂದ ಪುಸ್ತಕ ತೆಗೆದೆ.
ಕಾಲೊನಿ ಲೈಬ್ರರಿಯದು, ಗೀಚಬಾರದು ಅಂತ ಸೀಲೇ ಇದೆ.
ಪುಟ ಇನ್ನೂರ ಹನ್ನೊಂದು.
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಸಣ್ಣಗೆ:
ಊದಿದಳು.