ಬಣ್ಣ ಪದರವಲ್ಲ

ನನ್ನ ಕೆಲಸ ಶಾಯಿ ಹಚ್ಚುವುದು.
ಎಡಗೈ ತೋರುಬೆರಳು, ಉಗುರಿನ ತುದಿಯಿಂದ
ಮೊದಲ ಗೆಣ್ಣಿನವರೆಗೆ ಒಂದು ಗೆರೆ.
ಎರಡು ದಿನದ ತರಬೇತಿಯಲ್ಲಿ ಹೇಳಿಕೊಟ್ಟದ್ದು ಇಷ್ಟೇ.

ಕೊಟ್ಟಮುಡಿಯ ಆಚೆ, ಹೊಳೆ ಬದಿಯ ಸರಕಾರಿ ಶಾಲೆ.
ನೆರೆ ಬಂದ ವರ್ಷದ ನೀರಿನ ಗುರುತು ಗೋಡೆಯಲ್ಲಿ ಇನ್ನೂ
ಮೂರನೇ ಕ್ಲಾಸಿನ ಮಗುವಿನ ಎತ್ತರಕ್ಕೆ.
ಹಿಂದಿನ ರಾತ್ರಿ ಸೆಕ್ಟರ್ ಅಧಿಕಾರಿ ಬಂದು ಟಾರ್ಚು ಬಿಟ್ಟು,
ಕ್ಯಾಲೆಂಡರಿನ ಮಂತ್ರಿಗೆ ಪೇಪರು ಅಂಟಿಸಿ ಎಂದರು.
ಅಂಟಿಸಿದೆವು.
ಪಕ್ಕದ ಶಾರದೆ, ಒಣಗಿದ ಸೇವಂತಿಗೆ ಸಮೇತ,
ಹಾಗೆಯೇ ಉಳಿದಳು. ಯಾರೂ ಏನೂ ಅನ್ನಲಿಲ್ಲ.
ನಾನೂ. ಶನಿವಾರಸಂತೆಯ ನಮ್ಮ ಶಾಲೆಯಲ್ಲೂ ಇದ್ದಾಳೆ,
ಪ್ರತಿ ಶುಕ್ರವಾರ ಹೂ ಇಡುವವಳು ನಾನೇ.

ಅವತ್ತೂ ಶುಕ್ರವಾರ.
ಏಳಕ್ಕೇ ಸಾಲು: ಜುಮಾಕ್ಕೆ ಮುಂಚೆ ಮುಗಿಸುವ ಅವಸರದವರು,
ಒಲೆ ಮೇಲೆ ಗಂಜಿ ಇಟ್ಟು ಬಂದವರು,
ಕೋವಿ ಠಾಣೆಗೆ ಒಪ್ಪಿಸಿದ ರಸೀದಿಯನ್ನೇ
ಗುರುತಿನ ಚೀಟಿಯೆಂದು ಚಾಚಿದ ಒಬ್ಬ ಅಜ್ಜ.

ಹತ್ತು ಗಂಟೆಗೆ ಏಜೆಂಟನೊಬ್ಬ ಎದ್ದು ನಿಂತ:
'ಮುಖ ನೋಡದೆ ಬಿಡಬಾರದು.'
ಮಾತು ಕಾನೂನಿನದೇ. ದನಿ ಮಾತ್ರ ಅವನದು.
ಹುಡುಗಿಗೆ ಹತ್ತೊಂಬತ್ತು, ಮೊದಲ ಓಟು.
ಬೀರುವಿನ ಹಿಂದೆ ಕರೆದೊಯ್ದೆ.
ಅಲ್ಲಿ ಅವಳು, ನಾನು, ಬಿಸಿಯೂಟದ ಅಕ್ಕಿಮೂಟೆ.
ಪರದೆ ಎತ್ತಿದಳು. ಫೋಟೋದಲ್ಲಿರುವುದಕ್ಕಿಂತ ಸಿಟ್ಟಿನ ಮುಖ.
'ಸರಿ' ಅಂದೆ. ಅವಳು ಥ್ಯಾಂಕ್ಸ್ ಅನ್ನಲಿಲ್ಲ,
ಅನ್ನಬೇಕಾಗಿಯೂ ಇರಲಿಲ್ಲ.

ಆಮೇಲೆ ಕುಂಞಾಮಿನ. ಎಪ್ಪತ್ತೆಂಟು, ಊರುಗೋಲು.
ಶಾಯಿಯ ಕಡ್ಡಿ ಎತ್ತಿದೊಡನೆ
ಬೆರಳು ಹಿಂದಕ್ಕೆಳೆದುಕೊಂಡಳು.
ಕೊಡವ ತಕ್ಕಿನಲ್ಲಿ, ನನ್ನಜ್ಜಿಯದೇ ರಾಗದಲ್ಲಿ ಕೇಳಿದಳು:
'ಇದು ನೀರಿಗೂ ಚರ್ಮಕ್ಕೂ ನಡುವೆ ಕೂರುತ್ತದಾ, ಮೂಡಿ?
ಕೂತರೆ ನನ್ನ ವುಳೂ ಆಗುವುದಿಲ್ಲ,
ವುಳೂ ಇಲ್ಲದೆ ನಮಾಜು ಇಲ್ಲ.'

ಕೈಪಿಡಿ ತಿರುವಿದೆ. ಚಾಲೆಂಜ್ ಓಟಿಗೆ ಪುಟವಿದೆ,
ಬೆರಳೇ ಇಲ್ಲದವರಿಗೂ ಪುಟವಿದೆ.
ಇದಕ್ಕಿಲ್ಲ.
ಪ್ರಿಸೈಡಿಂಗ್ ಅಧಿಕಾರಿ ಫೋನಿಗೆ ಕೈಹಾಕಿದರು,
ಯಾರಿಗೆ ಮಾಡುವುದೆಂದು ಹೊಳೆಯಲಿಲ್ಲ.

ಗಂಡಸರ ಸಾಲಿನಿಂದ ಸೈದಲವಿ ಉಸ್ತಾದರು
ಕೊಡೆ ಗೋಡೆಗೊರಗಿಸಿ ಬಂದರು. ಕನ್ನಡಕ ಒರೆಸಿದರು.
ಆಗಲೇ ಹಚ್ಚಿಸಿಕೊಂಡ ಯಾರದೋ ಬೆರಳು ಹಿಡಿದು
ಬೆಳಕಿಗೆ ತಿರುಗಿಸಿದರು.
'ಬಣ್ಣ ಪದರವಲ್ಲ, ಉಮ್ಮಾ. ಗೋರಂಟಿಯ ಹಾಗೆ.
ಒಳಗೆ ಇಳಿದದ್ದು ನೀರನ್ನು ತಡೆಯುವುದಿಲ್ಲ.
ಮೇಲೆ ಹೆಪ್ಪುಗಟ್ಟಿ ಕೂತರೆ ಅಷ್ಟನ್ನು ಕೆರೆದುಬಿಡಿ.'
ನಾನು ಸರಕಾರಿ ನೌಕರಳು,
ಆ ಕೊನೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ.
ಬೆರಳು ಬಂತು. ಗೆರೆ ಎಳೆದೆ, ಉಳಿದವರದಕ್ಕಿಂತ ತೆಳ್ಳಗೆ.

ಮತ ಎಂಬುದಕ್ಕೆ ನಮ್ಮಲ್ಲಿ ಎರಡು ಅರ್ಥ.
ಮಕ್ಕಳು ನಾನಾರ್ಥದಲ್ಲಿ ಬರೆಯುತ್ತವೆ, ಎರಡಕ್ಕೂ ಅರ್ಧರ್ಧ ಅಂಕ.
ನಡುವೆ ಏನಿದೆಯೆಂದು ಯಾವ ಮಗುವೂ ಕೇಳಿಲ್ಲ.

ನಾಲ್ಕೂಮುಕ್ಕಾಲಕ್ಕೆ ಶಾಲೆಯ ನಲ್ಲಿ ನಿಂತಿತು.
ಕೊಡ ಹಿಡಿದು ಹಿಂದಿನ ಮನೆಗೆ ಹೋದರೆ ಅದು ಅವಳದೇ.
ಮಂಡಿ ಮಡಚಲಾರದು, ಪ್ಲಾಸ್ಟಿಕ್ ಕುರ್ಚಿಯಲ್ಲೇ ಅಸರ್ ನಮಾಜು.
ಬಲಗೈಯ ತೋರುಬೆರಳು ಎದ್ದಿತು, ಒಬ್ಬನೇ ಎಂದು.
ಎಡಗೈಯದು ತೊಡೆಯ ಮೇಲೆ, ಕಪ್ಪಗೆ, ಸುಮ್ಮನೆ.
ಕೆರೆದಿದ್ದಾಳೋ ಎಂದು ನೋಡಹೋಗಿ
ನಾಚಿಕೆಯಾಗಿ ಕೊಡದ ಬಾಯಿ ನೋಡಿದೆ.

ಸಲಾಂ ಮುಗಿಸಿ ತಿರುಗಿ ಕೇಳಿದಳು:
'ನಾನು ಎಷ್ಟನೆಯವಳು?'
'ಮುನ್ನೂರ ಎಂಟು.'
ಮುನ್ನೂರ ಎಂಟು, ಎಂದುಕೊಂಡಳು. ನೀರು ತುಂಬಿಸಿಕೊಟ್ಟಳು.

ನನ್ನ ಓಟು ಅಂಚೆಯಲ್ಲಿ ಹೋಗಿತ್ತು. ಎಡಗೈ ಬೋಳು.
ಬಲಗೈಯ ಮೂರು ಬೆರಳು ಮಾತ್ರ
ಎಂಟುನೂರು ಜನರ ಶಾಯಿ ಕುಡಿದು ಕಪ್ಪು.
ಸೋಪು, ನಿಂಬೆಹುಳಿ, ಸೀಮೆಎಣ್ಣೆ. ಹೋಗಲಿಲ್ಲ.

ರಜೆ ಮುಗಿದು ಶಾಲೆ ತೆರೆದ ಶುಕ್ರವಾರ
ಉಗುರಂಚಿನಲ್ಲಿ ಒಂದು ಎಳೆ ಇನ್ನೂ ಇತ್ತು.
ಸ್ಟೂಲು ಹತ್ತಿ ಹೂ ಏರಿಸಲು ಕೈ ಎತ್ತಿದವಳು
ಅದನ್ನು ಕಂಡು ಹಾಗೇ ನಿಂತೆ.
ಕೊನೆಯ ಬೆಂಚಿನಲ್ಲಿ ಸಫ್ರೀನ ತಲೆ ಬಗ್ಗಿಸಿ
ಕಾಪಿ ಬರೆಯುತ್ತಿದ್ದಳು.