ಮೊದಲು ಅಂಚು

ಗಾಜಿಗೆ ಬಂದವರು ಅಗಲ ಹೇಳ್ತಾರೆ,
ಕಿಟಕಿಗೆ ಇಷ್ಟು, ಶೋಕೇಸಿಗೆ ಇಷ್ಟು.
ನೀನು ದಪ್ಪ ಹೇಳಿದೆ, ಹುಲಿಗೆಮ್ಮ:
ಒಂದಿಂಚು ದಪ್ಪ, ಆರಿಂಚು ದುಂಡು, ಎರಡು ಬೇಕು.
ಕೌಲ್ ಬಜಾರಿನಲ್ಲಿ ಮೂವತ್ತು ವರ್ಷ ಗಾಜು ಕೊಯ್ದೆ,
ಶನಿಯ ಬಳೆ ನೋಡಲಿಕ್ಕೆ ಅಂತ
ಯಾರೂ ಕೇಳಿರಲಿಲ್ಲ.

ದುಡ್ಡು ಆಮೇಲೆ. ಮೊದಲು ಅಂಚು.
ಆಗತಾನೆ ಕೊಯ್ದ ಗಾಜಿನ ಅಂಚು ಹಸಿದಿರ್ತೈತೆ.
ಸಾಣೆಕಲ್ಲು ನೀರಲ್ಲಿ ಅದ್ದು,
ಮುಖದಿಂದ ಹೊರಗೆ, ಕೆಳಗೆ ಎಳಿ.
ಒಳಗೆ ಎಳೆದರೆ ಚಕ್ಕೆ ಏಳ್ತೈತೆ.
ಅರ್ಧ ಜೋಳದ ಕಾಳಿನಷ್ಟು ಮೂಲೆ ಮುರಿದರೆ ಸಾಕು.
ನೋಡು ನನ್ನ ಎಡಗೈ,
ಹೆಬ್ಬೆಟ್ಟಿನ ಬುಡದಿಂದ ಮಣಿಕಟ್ಟಿನ ತನಕ
ಬೇಸಿಗೆಯ ಹಗರಿ ಹೊಳೆಯಂಗೆ ಒಂದು ಗೀರು.
ಬೀಳೋ ಗಾಜು ಹಿಡಿಯಲಿಕ್ಕೆ ಹೋಗಿದ್ದೆ.
ಬೀಳೋ ಕೂಸು ಹಿಡಿ, ಬೀಳೋ ಗಾಜು ಬಿಡು,
ಕಾಲು ಹಿಂದಕ್ಕೆ ತಗೊಂಡು ಬಿಡು.

ಒದ್ದೆ ಗಾಜು ಮೀನಿನ ಜಾತಿ.
ಕಡಪ ಕಲ್ಲಿನ ನೆಲದ ಮೇಲೆ ಹಿಡಕೊಂಡು ತಿರುಗಬ್ಯಾಡ.
ನಿಮ್ಮಮ್ಮ ಜೀನ್ಸ್ ಫ್ಯಾಕ್ಟರಿಯಿಂದ ತರ್ತಾಳಲ್ಲ,
ಆ ತುಂಡು ಬಟ್ಟೆ, ನಾಲ್ಕು ಪದರ ಹಾಸು.
ಡ್ರಮ್ಮಿಗೆ ನೀರು ತುಂಬು, ಅದು ಅಲುಗಬಾರದು.
ಸುತ್ತ ನಡಿ. ತೀಡು, ಒಂದು ಹೆಜ್ಜೆ, ಮತ್ತೆ ತೀಡು,
ಎತ್ತಿಲ್ಲದ ಗಾಣ ನಿಂದು.
ಮೊದಲು ಹಲ್ಲು ಜುಮ್ಮೆನ್ನೋ ಸದ್ದು.
ಸದ್ದು ಇಳಿದರೆ ಪುಡಿ ಸವೆಯಿತು ಅಂತ ಲೆಕ್ಕ,
ಒಂದು ಚಿಟಿಕೆ ಹಾಕು, ನೀರು ಚಿಮುಕಿಸು.

ಒಣಗಲಿಕ್ಕೆ ಬಿಡಬ್ಯಾಡ.

ನನ್ನ ತಮ್ಮ ಗಾದಿಲಿಂಗ ಹನ್ನೊಂದು ವರ್ಷ
ಕಲ್ಲಿನ ಕ್ರಷರಿನಲ್ಲಿದ್ದ.
ಮೂಗಿಗೆ ಟವೆಲ್ ಕಟ್ಟಿಕೋ ಸಾಕು ಅಂದಿದ್ದರು.
ಕಲ್ಲಿನ ಹಿಟ್ಟು ಕೆಮ್ಮಿದರೆ ಹೊರಗೆ ಬರಲ್ಲಮ್ಮ.
ಕೊನೆಕೊನೆಗೆ ಇದೇ ಮೆಟ್ಟಿಲು ಮೂರು ಹತ್ತಿ
ನಾಲ್ಕನೇದರ ಮೇಲೆ ಕೂತು
ಎದುರಂಗಡಿ ಬೋರ್ಡು ಓದೋ ಹಂಗೆ ಮಾಡ್ತಿದ್ದ,
ಅಕ್ಷರ ಗೊತ್ತಿಲ್ಲದವನು.
ಪೊರಕೆ ಮುಟ್ಟಬ್ಯಾಡ. ಒದ್ದೆ ಅರಿವೆಯಲ್ಲಿ ಒರೆಸು,
ಅರಿವೆ ಆರೋದರೊಳಗೆ ಬಕೆಟ್ಟಿನಲ್ಲಿ ಜಾಲಾಡು.
ಕೆಸರು ಬಚ್ಚಲಿಗೆ ಬ್ಯಾಡ, ಸಿಮೆಂಟಾಗಿ ಕೂತುಬಿಡ್ತೈತೆ.
ಎರಡೂ ಗಾಜು ಕಚ್ಚಿಕೊಂಡರೆ
ಸುತ್ತಿಗೆ ತಗೋಬ್ಯಾಡ, ಬಿಸಿನೀರು ಹಾಕಬ್ಯಾಡ.
ತೊಟ್ಟಿಯಲ್ಲಿ ಬಿಟ್ಟು ಮಲಗು.

ಪುಡಿ ನಂಬರ್ ಬದಲಾದಾಗೆಲ್ಲ ತೊಳಿ, ಉಗುರಿನ ಸಂದಿಯೂ.
ದಪ್ಪ ಕಾಳು ಒಂದೇ ಒಂದು ಉಳಿದರೆ
ತಿಂಗಳ ಕೆಲಸಕ್ಕೆ ಗೆರೆ ಬೀಳ್ತೈತೆ.
ಶನಿಯ ಬಳೆ ಬೇಕಂದ್ರೆ ನಿನ್ನ ಬಳೆ ತೆಗೆದಿಡು.
ಕೊನೆಗೆ ಮೆರುಗು ಕೊಡೋದು ಕೆಂಪು ಪುಡಿಯೇ ಅಂತೀಯ,
ಸಂಡೂರು ಲಾರಿಗಳು ನನ್ನ ಅಂಗಡಿಗೆ
ದಿನಾ ಬಿಟ್ಟಿಯಾಗಿ ಎರಚೋ ಬಣ್ಣ.
ಇದ್ದೀತು. ಇದು ಮಾತ್ರ ಬ್ಯಾಡ,
ಸೋಸಿದ್ದು ತಗೋ. ಕಿಟಕಿ ಮುಚ್ಚಿಕೊಂಡು ಕೂಡು.

ನಿನ್ನೆ ತಂದಿದ್ದಳು,
ಟವೆಲ್ಲಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ.
ಹಾಲು ಬಣ್ಣದ ಕುರುಡು ಗಾಜು,
ಮಧ್ಯೆ ಬೆರಳಿಗೆ ಮಾತ್ರ ಗೊತ್ತಾಗೋ ತಗ್ಗು.
ಅಂಚು ಸವರಿ ನೋಡಿದೆ. ಕಚ್ಚಲಿಲ್ಲ.
ಅಂಗಡಿ ಮುಂದೆ ನಿಂತು ನೀರು ಹಾಕಿದಳು,
ಬಿಸಿಲಿಗೆ ಮುಖ ಮಾಡಿದಳು.
ನಾನು ಬಗ್ಗಿದೆ.
'ಕಾಕಾ, ಒಳಗೆ ಇಣುಕಬ್ಯಾಡ, ಕಣ್ಣು ಹೋಗ್ತೈತೆ!'
ನನಗೇ ಗದರಿದಳು. ಹಿಂದೆ ಸರಿದೆ.
ರಟ್ಟು ಹಿಡಿ ಅಂದಳು, ಹಿಡಿದೆ.
ದೂರ, ಇನ್ನೂ ದೂರ, ಸ್ವಲ್ಪ ಹತ್ತಿರ.
ಬಳ್ಳಾರಿಯ ಇಡೀ ಸೂರ್ಯ
ಅಂಗಿ ಗುಂಡಿಯಷ್ಟಾಗಿ ರಟ್ಟಿನ ಮೇಲೆ ಬಂದು ಕೂತ.
ಟೇಪು ಎಳೆದೆವು: ನಲವತ್ತೆಂಟು ಇಂಚು, ಒಂದು ಕೂದಲು ಕಮ್ಮಿ.

ಅಷ್ಟರಲ್ಲಿ ನೀರು ಆರಿತು. ಗುಂಡಿ ಮಸುಕಾಯಿತು, ಹೋಯಿತು.
ಗಿರಾಕಿ ಒಬ್ಬ ಕನ್ನಡಿ ಕೇಳ್ತಾ ನಿಂತಿದ್ದ.
ನಿಲ್ಲಪ್ಪ ಅಂದು
ಮಗ್ಗು ತಗೊಂಡು ನಲ್ಲಿ ಕಡೆ
ನಾನೇ ಓಡಿದೆ.